ಮಂಡಿಯ ಶಸ್ತ್ರಚಿಕಿತ್ಸೆಯೂ ಮನೆಯವರ ಹೊಣೆಯೂ

ಕಳೆದ ತಿಂಗಳು ನಾವು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಹಿರಿಯಾಕೆ ನಲವತ್ತು ವರ್ಷಕಾಲ ಕುಕ್ಕುರುಗಾಲಿನಲ್ಲಿ ಕುಳಿತು ಕೊಬ್ಬರಿಯ ಚಿಪ್ಪು ಬಿಡಿಸಿದವರು. ಈಗ ಅಟ್ಟದ ಏಣಿಯನ್ನು ಕಂಡರೆ ಅವರಿಗೆ ಭಯ. ಮಂಡಿಯ ಕೀಲನ್ನು ಬದಲಾಯಿಸಬೇಕೆಂದು ವೈದ್ಯರು ಹೇಳಿ ವರ್ಷವಾಯಿತು. “ನಾನು ಮಲಗಿದರೆ ಮನೆ ನೋಡೋರು ಯಾರು ಸ್ವಾಮಿ?” ಎಂದು ಅವರು ನಮ್ಮನ್ನು ಕೇಳಿದರು. ಈ ಪ್ರಶ್ನೆಯು ಅನೇಕ ಗೃಹಿಣಿಯರದಾದುದರಿಂದ ಈ ಸಲ ಅದನ್ನೇ ಕುರಿತು ಬರೆಯುತ್ತೇವೆ.

ಮೊದಲು ಒಂದು ತಪ್ಪು ಭಾವನೆಯನ್ನು ಹೋಗಲಾಡಿಸಬೇಕು. ಈ ಚಿಕಿತ್ಸೆಯಲ್ಲಿ ಇಡೀ ಮಂಡಿಯನ್ನು ಕತ್ತರಿಸಿ ಬಿಸುಡುವುದಿಲ್ಲ. ಸವೆದ ಮೃದ್ವಸ್ಥಿಯನ್ನೂ ಅದರಡಿಯ ಮೂಳೆಯ ತೆಳುಪದರವನ್ನೂ ತೆಗೆದು, ಮೇಲಿನ ಮತ್ತು ಕೆಳಗಿನ ಮೂಳೆಗಳ ತುದಿಗಳಿಗೆ ಲೋಹದ ಹೊದಿಕೆಯನ್ನು ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಿಡುತ್ತಾರೆ. ಅಟಲ್ ಬಿಹಾರಿ ವಾಜಪೇಯಿಯವರು ಪ್ರಧಾನಮಂತ್ರಿಗಳಾಗಿದ್ದಾಗಲೇ 2000ದಲ್ಲಿ ಎಡಮಂಡಿಗೂ 2001ರಲ್ಲಿ ಬಲಮಂಡಿಗೂ ಮುಂಬಯಿಯಲ್ಲಿ ಇದನ್ನು ಮಾಡಿಸಿಕೊಂಡರು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಈ ಕೃತಕ ಭಾಗಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು.

ಎಕ್ಸ್‌ರೇ ಚಿತ್ರವೊಂದನ್ನೇ ನಂಬಿ ತೀರ್ಮಾನಿಸತಕ್ಕದ್ದಲ್ಲ. ವ್ಯಾಯಾಮ, ದೇಹಭಾರ ಇಳಿಸುವುದು, ಊರುಗೋಲು, ಔಷಧ ಇವೆಲ್ಲ ಸೋತು, ನೋವು ರಾತ್ರಿಯ ನಿದ್ರೆಯನ್ನೂ ಹಗಲಿನ ನಡಿಗೆಯನ್ನೂ ಕೆಡಿಸಿದಾಗ ಕಾಲ ಬಂದಿತೆಂದು ತಿಳಿಯಬೇಕು. ಕಾಲು ಬಾಗಿ ಬಿಗಿದುಹೋಗುವವರೆಗೆ ಸಹಿಸುವುದೂ ಜಾಣತನವಲ್ಲ. ಮಧುಮೇಹವಿದ್ದರೆ ಮೊದಲು ಹತೋಟಿಗೆ ತರಬೇಕು. ಹಲ್ಲಿನ ಕೀವು, ಕಾಲಿನ ಹುಣ್ಣುಗಳು ವಾಸಿಯಾಗಿರಬೇಕು.

ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಯದು. ಮಿಕ್ಕದ್ದು ರೋಗಿಯದು ಮತ್ತು ಮನೆಯವರದು. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ನೋವಿಗೆ ಹೆದರಿ ವ್ಯಾಯಾಮವನ್ನು ಬಿಟ್ಟರೆ ಮಂಡಿ ಬಿಗಿಯುತ್ತದೆ. ಸುಖವೆಂದು ಮಂಡಿಯಡಿ ದಿಂಬಿಟ್ಟು ಮಲಗಿದರೆ ಕಾಲು ನೆಟ್ಟಗಾಗದು. ದಿನದ ಕೆಲಸಗಳು ಕೈಗೂಡಲು ಒಂದೂವರೆಯಿಂದ ಮೂರು ತಿಂಗಳು ಬೇಕಾಗುವುದುಂಟು; ಊತವು ಇನ್ನೂ ಹಲವು ತಿಂಗಳು ಉಳಿಯಬಹುದು. ಗಾಯದಲ್ಲಿ ಕೀವು, ಜ್ವರ, ಮೀನಖಂಡದಲ್ಲಿ ಹೊಸ ನೋವು ಕಂಡರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. ಹಠಾತ್ತನೆ ಎದೆನೋವು, ಏದುಸಿರು ಬಂದರಂತೂ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ನೆಲದ ಮೇಲೆ ಕುಕ್ಕುರಿಸುವ ಅಭ್ಯಾಸವನ್ನು ಬಿಡುವುದೇ ಲೇಸು. ಆದುದರಿಂದ ಎತ್ತರದ ಕುರ್ಚಿ, ಕುಳಿತುಕೊಳ್ಳುವ ಕಮೋಡು, ಮೇಜಿನ ಮೇಲೆ ತರಕಾರಿ ಹೆಚ್ಚುವ ಏರ್ಪಾಡು ಇವು ಆಸ್ಪತ್ರೆಗೆ ಹೊರಡುವ ಮುನ್ನವೇ ಸಿದ್ಧವಾಗಿರಲಿ.

ಹೀಗಿರುವುದರಿಂದ, ದಿನವನ್ನು ಗೊತ್ತುಮಾಡುವ ಮೊದಲು ಮನೆಯವರೆಲ್ಲರೂ ಕೂಡಿ ನೀರು, ಒಲೆ, ಕೊಟ್ಟಿಗೆಗಳ ಕೆಲಸವನ್ನು ಹಂಚಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಮಾಡಿಸಿಕೊಳ್ಳುವುದೋ ಬಿಡುವುದೋ ಎಂಬ ಕೊನೆಯ ಮಾತು ಆ ತಾಯಿಯದು. ಆಕೆ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಮಕ್ಕಳೂ ಸೊಸೆಯರೂ ಕೊಡತಕ್ಕದ್ದು. ಅಟ್ಟಕ್ಕೇರಿಸಿದ ಕಾಯಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ತಾಳ್ಮೆಯಿಂದ ಕಾಯುವ ಮನೆಯವರು, ಹೆತ್ತವಳಿಗಾಗಿ ಮೂರು ತಿಂಗಳು ಕಾಯಲಾರರೇ?