ಬೋರ್ಡಿನ ಮೇಲಿನ ರಾಮನ್

ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಆರು ವರ್ಷ ಬಾಡಿಗೆಗಿದ್ದೆ. ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದ್ದರೂ ಆ ಹೆಸರು ನನಗೆ ಆಟೋದವರಿಗೆ ಹೇಳುವ ವಿಳಾಸವಷ್ಟೇ ಆಗಿತ್ತು.

ನಾಗಪುರಕ್ಕೆ ವರ್ಗವಾಗಿ ಬಂದ ಮೇಲೆ ಒಂದು ಭಾನುವಾರ ಗಾಂಧಿಸಾಗರ ಕೆರೆಯ ಕಡೆ ಹೋಗಿದ್ದೆವು. ರಸ್ತೆ ಬದಿಯ ಬೋರ್ಡು ನೋಡಿ ಮಗಳು ಕೂಗಿದಳು: "ಅಪ್ಪಾ, ಇಲ್ಲೂ ನಮ್ಮ ರಾಮನ್!" ಅದು 1992ರಲ್ಲಿ ಶುರುವಾದ ರಾಮನ್ ವಿಜ್ಞಾನ ಕೇಂದ್ರದ ಬೋರ್ಡು.

"ಅವರು ಈ ಊರಿಗೂ ಬಂದಿದ್ರಾ?"

ಬಂದಿದ್ದರು, ನನ್ನ ಹಾಗೇ ನೌಕರಿಯ ಮೇಲೆ. 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆ ಸೇರಿದ ರಾಮನ್‌ಗೆ ಕಲ್ಕತ್ತಾದಿಂದ ರಂಗೂನ್, ಅಲ್ಲಿಂದ ನಾಗಪುರ, ಮತ್ತೆ ಕಲ್ಕತ್ತಾ ಎಂದು ವರ್ಗ. ಅಲ್ಲಿ ಹಗಲು ಲೆಕ್ಕಪತ್ರ, ಬಿಡುವಿನಲ್ಲಿ ಪ್ರಯೋಗ. 1917ರಲ್ಲಿ ಹೆಚ್ಚು ಸಂಬಳದ ಆ ಕೆಲಸ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿಗೆ ಬಂದವರು ಅಲ್ಲೇ ಉಳಿದರು. 1970ರಲ್ಲಿ ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದು ತಾವೇ ಕಟ್ಟಿದ ಸಂಸ್ಥೆಯ ತೋಟದಲ್ಲಿ. ಆ ಜಾಗದಲ್ಲಿ ಸಮಾಧಿಯಿಲ್ಲ, ಒಂದು ಮರವಿದೆ.

ಇಷ್ಟು ಹೇಳಿದ ಮೇಲೆ ಮಗಳು ಕೇಳಿದಳು, "ನೀನ್ಯಾಕಪ್ಪ ಫಿಸಿಕ್ಸ್ ಬಿಟ್ಟೆ?"

"ಮನೆ ಸಾಲ ಇತ್ತಲ್ಲಮ್ಮ" ಅಂತ ನಕ್ಕೆ. ಅವಳು ನಗಲಿಲ್ಲ.

ಈಗ ಶನಿವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ, ಹಳೆಯ ಸಿ.ಡಿ.ಗೆ ಟಾರ್ಚು ಬಿಟ್ಟು ಇಬ್ಬರೂ ಗೋಡೆಯ ಮೇಲೆ ಬಣ್ಣ ಮೂಡಿಸುತ್ತೇವೆ.

ನಿಮ್ಮ ರಸ್ತೆಯ ಬೋರ್ಡಿನಲ್ಲಿ ಯಾರ ಹೆಸರಿದೆ? ಮಕ್ಕಳು ಕೇಳುವ ಮೊದಲು ತಿಳಿದುಕೊಂಡಿರಿ.