ಮರಳಿ ಮರಳಿ ಬರುವ ಕುರು

ಈಚೆಗೆ ಮೊಸಳೆಯ ಜೋಡಿಗುಡಿಗಳ ಬಳಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಎದುರಾದನು. ವಯಸ್ಸು 34; ಬೇಸಾಯಗಾರನು. ಶಾಲೆಯಲ್ಲಿದ್ದಾಗ ಅವನ ಕತ್ತಿನಲ್ಲಿಯೋ ಕಂಕುಳಲ್ಲಿಯೋ ಒಂದು ಕುರು ಇದ್ದೇ ಇರುತ್ತಿತ್ತು. ಮನೆಯವರು ಉಷ್ಣವೆಂದರು, ದೃಷ್ಟಿಯೆಂದರು. ಸ್ನಾನ ಸಾಲದೆಂದು ನಾವೂ ಗದರಿದ್ದುಂಟು; ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಕಳೆದ ವರ್ಷ ಅವನ ಯಕೃತ್ತಿನಲ್ಲಿಯೇ ಕೀವು ಕಟ್ಟಿತು. ಹಾಸನದ ವೈದ್ಯರು ಮೊದಲು ಸಕ್ಕರೆಯ ಕಾಯಿಲೆ ಇಲ್ಲವೆಂಬುದನ್ನು ಖಚಿತಮಾಡಿಕೊಂಡು ಬೆಂಗಳೂರಿಗೆ ಕಳುಹಿಸಿದರಂತೆ. ಅಲ್ಲಿ ತಿಳಿದದ್ದು, ದೇಹರಕ್ಷಣೆಯ ಶಕ್ತಿಯಲ್ಲಿಯೇ ಹುಟ್ಟಿನಿಂದ ಬಂದ ಕೊರತೆಯೆಂದು.

ಚರಕಸಂಹಿತೆಯಲ್ಲಿ ವ್ಯಾಧಿಕ್ಷಮತ್ವವೆಂಬ ಮಾತುಂಟು. ಎಲ್ಲ ಶರೀರಗಳಿಗೂ ಅದು ಒಂದೇ ಸಮನಾಗಿರದೆಂದು ಅಲ್ಲಿಯ ಅಭಿಪ್ರಾಯ. ಒಳಹೊಕ್ಕ ಕ್ರಿಮಿಗಳನ್ನು ನುಂಗುವ ಕಣಗಳು ದೇಹದಲ್ಲಿವೆಯೆಂದು ತೋರಿಸಿದ ಮೆಚ್ನಿಕಾಫ್ ಎಂಬ ವಿಜ್ಞಾನಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ನುಂಗಿದರೆ ಸಾಲದು, ಕೊಲ್ಲಬೇಕು. ಅದಕ್ಕಾಗಿ ರಕ್ತದ ಬಿಳಿಯ ಕಣಗಳು ಆಮ್ಲಜನಕದಿಂದ ಒಂದು ತೀಕ್ಷ್ಣವಾದ ವಸ್ತುವನ್ನು ಮಾಡಿಕೊಳ್ಳುತ್ತವೆ. ಇವನ ಕಣಗಳಿಗೆ ಆ ಶಕ್ತಿಯಿಲ್ಲ. ಕ್ರಿಮಿಯು ಒಳಗೇ ಬದುಕಿ ಗಂಟು ಕಟ್ಟುತ್ತದೆ. ಇದಕ್ಕೆ ಕ್ರಾನಿಕ್ ಗ್ರಾನ್ಯುಲೊಮೇಟಸ್ ಡಿಸೀಸ್ ಎಂದು ಹೆಸರು. 1957ರಲ್ಲಿ ಅಮೆರಿಕದ ವೈದ್ಯರು ಇದನ್ನು ಮಕ್ಕಳಿಗೆ ಮಾರಕವೆಂದೇ ವರ್ಣಿಸಿದ್ದರು. ಈಗ ನಿತ್ಯವೂ ಔಷಧ ಸೇವಿಸಿ ಬಾಳುವವರು ಅನೇಕರು. ಸೌಮ್ಯವಾದ ಬಗೆಯಂತೂ ಪ್ರಾಯ ಬಂದ ಮೇಲೆ ಹೊರಬೀಳುವುದುಂಟು.

ನೆಗಡಿ ಬಂದವರೆಲ್ಲ ಬೆದರಬೇಕಾಗಿಲ್ಲ. ವರ್ಷ ವರ್ಷವೂ ನ್ಯುಮೋನಿಯ ಬಂದರೆ, ಒಳಗಿನ ಅವಯವಗಳಲ್ಲಿ ಕೀವು ಮರಳಿ ಮರಳಿ ಕಟ್ಟಿದರೆ, ಆಗ ಕಾರಣವನ್ನು ಹುಡುಕಿಸಬೇಕು.

"ತಿಪ್ಪೆ ಕೆದಕಬೇಡ, ಮುಗ್ಗಿದ ಹುಲ್ಲಿನ ಬಣವೆ ಮುಟ್ಟಬೇಡ ಅಂದಿದ್ದಾರೆ, ಮೇಷ್ಟ್ರೇ. ಬೇಸಾಯಗಾರ ಇನ್ನೇನು ಮಾಡಲಿ?" ಎಂದನು. ಅಲ್ಲಿಂದೇಳುವ ಬೂಷ್ಟಿನ ಧೂಳು ಇಂಥವರ ಶ್ವಾಸಕೋಶಕ್ಕೆ ಪ್ರಾಣಾಪಾಯಕರವಾದುದು. ಗೊಬ್ಬರ ಹೊರುವುದಕ್ಕೆ ಆಳನ್ನು ಹಿಡಿ, ನೀನು ನೀರು ಕಟ್ಟು ಎಂದೆವು. ಆಳಿನ ಕೂಲಿಯನ್ನು ನಾವು ಕೊಡುವುದಿಲ್ಲವಷ್ಟೆ, ಹೇಳುವುದು ಸುಲಭ.

ಅವನನ್ನು ಬಾಧಿಸುತ್ತಿದ್ದ ವಿಷಯ ಬೇರೆ. ಅವನ ತಾಯಿಯನ್ನು ಸ್ವಂತ ಸೋದರಮಾವನಿಗೇ ಕೊಟ್ಟಿತ್ತು. ಈಗ ತಂಗಿಗೆ ಸೋದರಮಾವನ ಮಗನೊಡನೆ ಮಾತುಕತೆ. ಈ ರೋಗದ ಕೆಲವು ಬಗೆಗಳಲ್ಲಿ ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದು ದೋಷವನ್ನು ಒಳಗೇ ಹೊತ್ತಿರುತ್ತಾರೆ. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ 4ರಲ್ಲಿ 1 ಪಾಲು ಭಯ. ಬಳಗದೊಳಗೇ ಕೊಟ್ಟು ತಂದರೆ ಇಂಥ ಇಬ್ಬರು ಕೂಡುವ ಸಂಭವ ಹೆಚ್ಚು. ಇವನದು ಆ ಬಗೆಯದೇ ಎಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ಬಾಯಿಬಿಟ್ಟರೆ ಸಂಬಂಧ ಮುರಿಯುವುದೆಂದು ಇವನು ಸುಮ್ಮನಿದ್ದನು. ಲಗ್ನಪತ್ರಿಕೆಗೆ ಮೊದಲೇ ಹೇಳು, ಹುಡುಗ ಹುಡುಗಿಯರಿಬ್ಬರ ರಕ್ತವನ್ನೂ ಪರೀಕ್ಷೆಮಾಡಿಸಲಿ ಎಂದು ನಾವು ಹೇಳಿದೆವು.

ಅವನ ತಾಯಿ ಈಗ ನಮ್ಮೊಡನೆ ಮಾತನಾಡುವುದಿಲ್ಲ. ತಂಗಿಯೂ ವರನೂ ಮಾತ್ರ ಕಳೆದ ವಾರ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟುಬಂದರಂತೆ.