ಸರ್ವರ್ ಒಂದೇ, ಲೈಸೆನ್ಸ್ ತಲೆಗೊಂದು

ಮನೆತನದಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಸಾಕು, ಪ್ರಿಂಟರ್ ರಿಪೇರಿಯಿಂದ ಪಾಸ್‌ಪೋರ್ಟ್ ಅರ್ಜಿವರೆಗೆ ಎಲ್ಲಾ ಪ್ರಶ್ನೆನೂ ಅವರ ಫೋನಿಗೇ ಬರುತ್ತೆ. ಈಗ ಆ ಪಟ್ಟಿಗೆ ಹೊಸದೊಂದು ಸೇರಿದೆ: "ನಮ್ಮ ಫ್ಯಾಕ್ಟರಿ ಮೇಲ್ ಸರ್ವರ್‌ಗೆ ಕೊಟೇಶನ್ ಬಂದಿದೆ, ಒಂದ್ಸಲ ನೋಡಪ್ಪ."

ಈಗಲೇ ಯಾಕೆ ಅಂದ್ರೆ, ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ 2016 ಮತ್ತು 2019, ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ಹಳೇ ಸರ್ವರ್ ನಿಂತುಹೋಗಲ್ಲ, ಮೇಲ್ ಬರ್ತಾನೇ ಇರುತ್ತೆ. ಅದೇ ಅಪಾಯ. ಪ್ಯಾಚ್ ಹಾಕದ ಎಕ್ಸ್‌ಚೇಂಜ್‌ನ ಗತಿ ಏನಾಗುತ್ತೆ ಅಂತ 2021ರ ಮಾರ್ಚ್‌ನಲ್ಲೇ ನೋಡಿದ್ದೀವಿ. ಪ್ರಾಕ್ಸಿಲಾಗನ್ ಅನ್ನೋ ದೋಷ ಹಿಡಿದು, ಪಾಸ್‌ವರ್ಡೇ ಇಲ್ಲದೆ ಸಾವಿರಾರು ಸಂಸ್ಥೆಗಳ ಸರ್ವರ್‌ಗೆ ಕಳ್ಳರು ನುಗ್ಗಿದ್ದರು.

ಈಗ ಸಿಗೋದು 2025ರ ಜುಲೈನಲ್ಲಿ ಬಂದ 'ಸಬ್‌ಸ್ಕ್ರಿಪ್ಷನ್ ಎಡಿಷನ್'. ಹೆಸರಲ್ಲೇ ವಿಷಯ ಇದೆ. ಪೆಟ್ಟಿಗೆ ನಮ್ಮ ಕಟ್ಟಡದಲ್ಲೇ ಇದ್ದರೂ, ಒಂದ್ಸಲ ದುಡ್ಡು ಕೊಟ್ಟು ಹತ್ತು ವರ್ಷ ಆ ಕಡೆ ತಲೆ ಹಾಕದೇ ಇರೋ ಕಾಲ ಮುಗೀತು. ಲೈಸೆನ್ಸ್ ಜೊತೆಗೆ 'ಸಾಫ್ಟ್‌ವೇರ್ ಅಶ್ಯೂರೆನ್ಸ್' ಸದಾ ಚಾಲ್ತಿಯಲ್ಲಿರಬೇಕು. ಇಲ್ಲಾಂದ್ರೆ ಸರ್ವರ್ ಬಳಸೋ ಎಲ್ಲರಿಗೂ ಮೈಕ್ರೋಸಾಫ್ಟ್ 365 ಇ3 ತರಹದ ಕ್ಲೌಡ್ ಚಂದಾ ಇರಬೇಕು.

ಆದರೆ ಕೊಟೇಶನ್‌ನಲ್ಲಿ ದುಡ್ಡು ಹೆಚ್ಚಾಗಿ ಕೂತಿರೋದು ಸರ್ವರ್ ಅನ್ನೋ ಸಾಲಲ್ಲಲ್ಲ, ಅದರ ಕೆಳಗೆ ಸಣ್ಣದಾಗಿ ಬರೆದಿರೋ 'ಕ್ಯಾಲ್' ಅನ್ನೋ ಸಾಲಲ್ಲಿ. ಕ್ಯಾಲ್ ಅಂದ್ರೆ ಸರ್ವರ್ ಬಳಸೋ ಹಕ್ಕು. ಬಸ್ ಬಾಡಿಗೆಗೆ ತಗೊಂಡ ಮೇಲೂ ಒಳಗೆ ಕೂರೋ ಪ್ರತಿಯೊಬ್ಬರಿಗೂ ಟಿಕೆಟ್ ತಗೋಬೇಕು, ಅಷ್ಟೇ. ಈ ಟಿಕೆಟ್ಟನ್ನ ಮನುಷ್ಯನ ಹೆಸರಲ್ಲೂ ತಗೋಬಹುದು, ಕಂಪ್ಯೂಟರ್ ಹೆಸರಲ್ಲೂ ತಗೋಬಹುದು. ಉಳಿಸೋಕೆ ಜಾಗ ಇರೋದೇ ಇಲ್ಲಿ.

ಪೀಣ್ಯದಲ್ಲಿ ಒಂದು ಮಷೀನ್ ಶಾಪ್ ಅಂತ ಇಟ್ಕೊಳ್ಳಿ. ಆಫೀಸಲ್ಲಿ 24 ಜನ, ಮೂರು ಶಿಫ್ಟ್‌ನಲ್ಲಿ 12ರಂತೆ 36 ಆಪರೇಟರ್‌ಗಳು. ಆಪರೇಟರ್‌ಗಳು ಮೇಲ್ ನೋಡೋದು ಶಾಪ್‌ನಲ್ಲಿರೋ 3 ಕಂಪ್ಯೂಟರ್‌ನಲ್ಲಿ ಮಾತ್ರ. ಕಣ್ಣು ಮುಚ್ಚಿ ಲೆಕ್ಕ ಹಾಕಿದರೆ 60 ಯೂಸರ್ ಕ್ಯಾಲ್. ಕಣ್ಣು ಬಿಟ್ಟು ಹಾಕಿದರೆ 24 ಯೂಸರ್, 3 ಡಿವೈಸ್, ಒಟ್ಟು 27. ಹೀಗೆ ಬೆರೆಸಿಕೊಳ್ಳೋಕೆ ನಿಯಮದಲ್ಲೇ ಅವಕಾಶ ಇದೆ. ಒಂದೇ ತೊಡಕು: ಆಪರೇಟರ್ ತನ್ನ ಫೋನಲ್ಲೂ ಕಂಪನಿ ಮೇಲ್ ಹಾಕಿಕೊಂಡರೆ ಆ ಫೋನೂ ಒಂದು ಡಿವೈಸ್. ಅವತ್ತಿಗೆ ಅವನಿಗೆ ಯೂಸರ್ ಕ್ಯಾಲೇ ಬೇಕಾಗುತ್ತೆ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಎಷ್ಟು ಜನ?" ಅಂತಲ್ಲ, "ಯಾರು ಯಾವುದರಲ್ಲಿ ಮೇಲ್ ತೆಗೀತಾರೆ?" ಅಂತ. ಸೇಲ್ಸ್‌ಗೊಂದು, ಅಕೌಂಟ್ಸ್‌ಗೊಂದು ಅಂತ ಹಂಚಿಕೊಳ್ಳೋ ಮೇಲ್‌ಬಾಕ್ಸ್‌ಗಳಿಗೆ ಬೇರೆ ಕ್ಯಾಲ್ ಬೇಡ. ಎಣಿಕೆ ಜನರದ್ದು ಅಥವಾ ಯಂತ್ರದ್ದು, ಮೇಲ್‌ಬಾಕ್ಸ್‌ದಲ್ಲ.

ಇನ್ನೊಂದು ಗೊಂದಲ ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್ ಅನ್ನೋ ಹೆಸರುಗಳದ್ದು. ಸರ್ವರ್‌ನಲ್ಲೂ ಈ ಎರಡು ಇವೆ, ಕ್ಯಾಲ್‌ನಲ್ಲೂ ಇವೆ, ಒಂದಕ್ಕೊಂದು ಸಂಬಂಧ ಇಲ್ಲ. ಸ್ಟ್ಯಾಂಡರ್ಡ್ ಸರ್ವರ್‌ನಲ್ಲಿ 5 ಮೇಲ್‌ಬಾಕ್ಸ್ ಡೇಟಾಬೇಸ್ ಇಡಬಹುದು, ಎಂಟರ್‌ಪ್ರೈಸ್‌ನಲ್ಲಿ 100. ಅರವತ್ತು ಜನಕ್ಕೆ ಐದು ಧಾರಾಳ. ಎಂಟರ್‌ಪ್ರೈಸ್ ಕ್ಯಾಲ್ ಅನ್ನೋದು ಸ್ಟ್ಯಾಂಡರ್ಡ್ ಕ್ಯಾಲ್‌ನ ಬದಲಿಗೆ ಅಲ್ಲ, ಅದರ ಮೇಲೆ ಕೊಳ್ಳೋದು. ಕೊಟೇಶನ್‌ನಲ್ಲಿ ಆ ಪದ ಕಂಡರೆ ಯಾವ ಸೌಲಭ್ಯಕ್ಕಾಗಿ ಅಂತ ಕೇಳಿ. ಉತ್ತರ ತಡವರಿಸಿದರೆ ಹೊಡೆದು ಹಾಕಿಸಿ.

ಎಕ್ಸ್‌ಚೇಂಜ್ ಓಡೋಕೆ ವಿಂಡೋಸ್ ಸರ್ವರ್ ಬೇಕಲ್ಲ, ಅದರ ಲೈಸೆನ್ಸ್ ಕೋರ್ ಲೆಕ್ಕದಲ್ಲಿ. ನಿಮ್ಮ ಸರ್ವರ್‌ನಲ್ಲಿ 8 ಕೋರ್ ಇದ್ದರೂ ಕನಿಷ್ಠ 16ಕ್ಕೆ ಕೊಳ್ಳಬೇಕು. ವಿಂಡೋಸ್‌ಗೂ ಅದರದ್ದೇ ಕ್ಯಾಲ್ ಇದೆ, ಅಂದ್ರೆ ತಲೆಗೆ ಎರಡು ಟಿಕೆಟ್. ಇದರ ಮೇಲೆ ಎಕ್ಸ್‌ಚೇಂಜ್‌ಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡೋ ಮೆಮೊರಿ ಕನಿಷ್ಠ 128 ಜಿಬಿ. ಬ್ಯಾಕಪ್, ಯುಪಿಎಸ್, ಸ್ಪ್ಯಾಮ್ ಫಿಲ್ಟರ್ ಎಲ್ಲಾ ಬೇರೆ.

ಅಶ್ಯೂರೆನ್ಸ್ ಸಾಮಾನ್ಯವಾಗಿ ವರ್ಷಕ್ಕೆ ಲೈಸೆನ್ಸ್ ಬೆಲೆಯ ಕಾಲು ಭಾಗದಷ್ಟು. 100 ರೂಪಾಯಿಯ ಲೈಸೆನ್ಸ್ ಐದು ವರ್ಷಕ್ಕೆ 225 ಆಗುತ್ತೆ, ಶೇ. 18ರ ಜಿಎಸ್‌ಟಿ ಸೇರಿದರೆ 265 ದಾಟುತ್ತೆ. ನೋಂದಾಯಿತ ವ್ಯಾಪಾರವಾದ್ರೆ ಆ ತೆರಿಗೆ ಕ್ರೆಡಿಟ್ ಆಗಿ ಸಿಗಬಹುದು, ಆಡಿಟರ್ ಹತ್ತಿರ ಮಾತಾಡಿ.

"ಸ್ವಲ್ಪ ಕಮ್ಮಿ ತಗೊಂಡ್ರೆ ಯಾರಿಗೆ ಗೊತ್ತಾಗುತ್ತೆ?" ಅನ್ನೋರೂ ಇದ್ದಾರೆ. ನಿಜ, ಎಕ್ಸ್‌ಚೇಂಜ್ ತಾನಾಗಿ ಕ್ಯಾಲ್ ಎಣಿಸಲ್ಲ. 27 ಕ್ಯಾಲ್ ಇಟ್ಕೊಂಡು ನೂರು ಮೇಲ್‌ಬಾಕ್ಸ್ ಮಾಡಿದರೂ ತುಟಿ ಪಿಟಕ್ ಅನ್ನಲ್ಲ. ಎಣಿಸೋದು ಲೈಸೆನ್ಸ್ ಆಡಿಟ್ ಬಂದ ದಿನ. ಅವತ್ತು ಉತ್ತರ ಹೇಳಬೇಕಾಗೋದು ಮಾಲೀಕರು, ಮಾರಿದವನಲ್ಲ.

ಹಾಗಾದ್ರೆ ಪುಕ್ಕಟೆದು? ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಹಾಕಿದರೆ ಲೈಸೆನ್ಸ್ ಖರ್ಚು ಸೊನ್ನೆ, ಗುಣಮಟ್ಟದಲ್ಲೂ ಕಮ್ಮಿ ಇಲ್ಲ. ನನಗೆ ವೈಯಕ್ತಿಕವಾಗಿ ಇಷ್ಟ ಕೂಡ. ಆದರೆ ಆ ದುಡ್ಡು ಸಂಬಳದ ರೂಪದಲ್ಲಿ ಹೋಗುತ್ತೆ. ಸ್ಟ್ಯಾಟಿಕ್ ಐಪಿ, ರಿವರ್ಸ್ ಡಿಎನ್‌ಎಸ್, ಎಸ್‌ಪಿಎಫ್, ಡಿಕಿಮ್ ಇವನ್ನೆಲ್ಲ ಸರಿಯಾಗಿ ಹೊಂದಿಸದಿದ್ದರೆ ನೀವು ಕಳಿಸಿದ ಇನ್‌ವಾಯ್ಸ್ ಗ್ರಾಹಕರ ಸ್ಪ್ಯಾಮ್‌ನಲ್ಲಿ ಮಲಗಿರುತ್ತೆ. ಇದೆಲ್ಲ ಗೊತ್ತಿರೋ ಒಬ್ಬನೇ ಹುಡುಗ ಕೆಲಸ ಬಿಟ್ಟರೆ? ಇನ್ನು ಯಾವ ಸರ್ವರ್ ಆದರೂ ಸರಿ, ಸರ್ಟ್-ಇನ್‌ನ 2022ರ ನಿರ್ದೇಶನದಂತೆ 180 ದಿನದ ಲಾಗ್ ಇಟ್ಟಿರಬೇಕು, ದಾಳಿಯಾದದ್ದು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಭಾನುವಾರ ರಾತ್ರಿ ಅದನ್ನ ಮಾಡೋರು ಯಾರು ಅಂತ ಈಗಲೇ ಗೊತ್ತಿರಬೇಕು.

ಗ್ರಾಹಕರ ಡ್ರಾಯಿಂಗ್ ಹೊರಗೆ ಹೋಗಬಾರದು ಅನ್ನೋ ಕರಾರಿದ್ದರೆ, ನೋಡಿಕೊಳ್ಳೋಕೆ ಜನ ಇದ್ದರೆ, ಸ್ವಂತ ಸರ್ವರ್‌ಗೆ ಅರ್ಥ ಇದೆ. ಬರೀ "ನಮ್ಮದು ನಮ್ಮ ಹತ್ರಾನೇ ಇರಲಿ" ಅನ್ನೋ ಸಮಾಧಾನಕ್ಕೆ ಅರವತ್ತು ಜನರ ಕಂಪನಿ ಇಷ್ಟೆಲ್ಲ ಹೊರಬೇಕಾ? ಬೇಡ ಅಂತ ನನ್ನ ಅಭಿಪ್ರಾಯ. ಒಪ್ಪದಿದ್ದರೆ ಕೊಟೇಶನ್ ಕೊಟ್ಟವರ ಹತ್ತಿರ ಐದು ವರ್ಷದ ಒಟ್ಟು ಖರ್ಚನ್ನ ತಲೆಗೆ ತಿಂಗಳಿಗೆ ಎಷ್ಟು ಅಂತ ಭಾಗಿಸಿ ಕೊಡೋಕೆ ಹೇಳಿ, ಪಕ್ಕದಲ್ಲೇ ಕ್ಲೌಡ್ ಮೇಲ್‌ನ ತಿಂಗಳ ದರ ಬರೆಸಿ. ಎರಡನೇ ವರ್ಷದ ನವೀಕರಣದ ಸಾಲು ಆ ಹಾಳೆಯಲ್ಲಿ ಇಲ್ಲದಿದ್ದರೆ ಇನ್ನೂ ಸಹಿ ಮಾಡಬೇಡಿ.